ಕೂಲಿ ಕೇಳದ ಆಳುಗಳು



ಒಂದು ಲೆಕ್ಕ ಹಾಕೋಣ. ನಮ್ಮ ಹೊಲದಲ್ಲಿ ಎಷ್ಟು ಜನ ಕೆಲಸ ಮಾಡ್ತಾರೆ?

ಮನೆಯವರು ಉಳ್ತಾರೆ. ನಾವು ಬಿತ್ತೋಕೆ ಹೋಗ್ತೀವಿ. ಕಳೆ ತೆಗೀತೀವಿ. ಕೊಯ್ಲಿನಲ್ಲಿ ನಾಲ್ಕು ಜನ ಆಳು ಬರ್ತಾರೆ. ಅಷ್ಟೇನಾ?

ಅಷ್ಟೇ ಅಲ್ಲ. ಇನ್ನೂ ಬಹಳ ಆಳುಗಳಿದ್ದಾರೆ. ಅವರು ಕೂಲಿ ಕೇಳೋದಿಲ್ಲ. ಅವರಿಗೆ ಬುತ್ತಿ ಕಟ್ಟಬೇಕಿಲ್ಲ. ಕರೆಯೋಕೆ ಮನೆ ಮನೆಗೆ ಅಲೆಯಬೇಕಿಲ್ಲ.

ಎರೆಹುಳು ಮಣ್ಣಿನೊಳಗೇ ಉಳುತ್ತೆ. ಜೇನು ಹೂವಿಂದ ಹೂವಿಗೆ ಹಾರಿ ಕಾಳು ಕಟ್ಟಿಸುತ್ತೆ. ಬೆಳ್ಳಕ್ಕಿ, ಗೊರವಂಕ ನೇಗಿಲ ಹಿಂದೆ ನಡೆದು ಹುಳ ಹೆಕ್ಕುತ್ತವೆ. ಗೂಬೆ ರಾತ್ರಿ ಪಾಳಿಯಲ್ಲಿ ಇಲಿ ಹಿಡಿಯುತ್ತೆ. ಕೇರೆಹಾವು ಬಿಲಕ್ಕೇ ನುಗ್ಗಿ ಇಲಿ ತಿನ್ನುತ್ತೆ. ಜೇಡ ಬಲೆ ಕಟ್ಟಿ ಕಾವಲು ಕೂರುತ್ತೆ.

ಇತ್ತೀಚೆಗೆ ಈ ಆಳುಗಳು ನಮ್ಮ ಹೊಲ ಬಿಟ್ಟು ಹೋಗ್ತಾ ಇದ್ದಾರೆ. ಅವರಿಗೆ ಇರೋಕೆ ಜಾಗ ಇಲ್ಲ. ತಿನ್ನೋಕೆ ಊಟ ಇಲ್ಲ. ಸಾಲದ್ದಕ್ಕೆ ಮೈಮೇಲೆ ವಿಷ ಬೀಳುತ್ತೆ. ಅವರು ಬಿಟ್ಟಿಯಾಗಿ ಮಾಡ್ತಿದ್ದ ಕೆಲಸಕ್ಕೆ ಈಗ ನಾವು ಅಂಗಡಿಯಲ್ಲಿ ದುಡ್ಡು ಎಣಿಸ್ತಾ ಇದ್ದೀವಿ.

ಇದು ಹೇಗಾಯ್ತು? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳ ಹೊಲಗಳನ್ನೇ ನೋಡಿ ತಿಳಿಯೋಣ.

ಒಂದು ದೊಡ್ಡ ಪದ

ಜೀವವೈವಿಧ್ಯ. ಈ ಪದ ರೇಡಿಯೋದಲ್ಲಿ ಕೇಳಿರ್ತೀವಿ. ಓದೋಕೆ ಸ್ವಲ್ಪ ಕಷ್ಟ. ಬಿಡಿಸಿ ಓದೋಣ.

ಜೀವ. ವೈವಿಧ್ಯ. ಜೀವ ಅಂದ್ರೆ ನಮಗೆ ಗೊತ್ತು. ವೈವಿಧ್ಯ ಅಂದ್ರೆ ಬಗೆ ಬಗೆ. ಬಗೆ ಬಗೆಯ ಜೀವಗಳು ಒಂದು ಕಡೆ ಇದ್ದರೆ ಅದೇ ಜೀವವೈವಿಧ್ಯ.

ಕಾಡಿನಲ್ಲಿ ಮಾತ್ರ ಅದು ಇರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಜೋಗಿಮಟ್ಟಿ ಕಾಡಿನಲ್ಲಿ ಇದೆ, ನಿಜ. ಆದರೆ ನಮ್ಮ ರಾಗಿ ಹೊಲದಲ್ಲೂ ಇದೆ. ಬದುವಿನ ಮೇಲೆ ಇದೆ. ತಿಪ್ಪೆಯಲ್ಲಿ ಇದೆ. ನಮ್ಮ ಮನೆಯ ಬೀಜದ ಮಡಕೆಯಲ್ಲೂ ಇದೆ.

ಅಜ್ಜಿಯ ಕಾಲದ ಹೊಲ

ನಮ್ಮ ಸೀಮೆಗೆ ಮಳೆ ಕಡಿಮೆ. ಬಂದರೂ ಹೊತ್ತಿಗೆ ಬರುತ್ತೆ ಅನ್ನೋ ಭರವಸೆ ಇಲ್ಲ. ಇದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ಒಂದೇ ಬೆಳೆಯನ್ನು ನಂಬಿ ಕೂರಲಿಲ್ಲ.

ಗಂಡಸರು ಕೂರಿಗೆ ಹೊಡೆಯೋರು. ಹೆಂಗಸರು ಮಡಿಲಲ್ಲಿ ಕಾಳು ಕಟ್ಟಿಕೊಂಡು, ಕೂರಿಗೆ ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಕಾಳು ಬಿಡೋರು. ಒಂದಷ್ಟು ಸಾಲು ರಾಗಿ. ಆಮೇಲೆ ಒಂದು ಅಕ್ಕಡಿ ಸಾಲು. ಆ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ಹೊಲದ ಸುತ್ತ ಹರಳು ಗಿಡ, ನಾಲ್ಕು ಸಾಲು ಜೋಳ.

ಹೊಸದುರ್ಗದ ಕಡೆ ಸಾಮೆ. ಕೆಂಪು ಮಣ್ಣಿನಲ್ಲಿ ಮೂರು ತಿಂಗಳಿಗೆಲ್ಲ ಕೈಗೆ ಬರೋ ಬೆಳೆ ಅದು. ಜೊತೆಗೆ ನವಣೆ, ಹೆಸರು. ಹಿರಿಯೂರಿನ ಕಡೆ ಎರೆ ಭೂಮಿಯಲ್ಲಿ ಜೋಳ, ಹತ್ತಿ, ಕಡಲೆ. ಮಳೆ ತಡವಾದರೆ ಹುರುಳಿ ಎಲ್ಲ ಕಡೆಯೂ.

ಈ ಅಕ್ಕಡಿಯಿಂದ ಏನೇನು ಲಾಭ ಇತ್ತು?

ಒಂದು, ಮಳೆ ಕೈಕೊಟ್ಟರೂ ಏನಾದರೂ ಒಂದು ಸಿಗ್ತಿತ್ತು. ರಾಗಿ ಒಣಗಿದರೆ ತೊಗರಿ ನಿಲ್ಲುತ್ತಿತ್ತು. ತೊಗರಿಯ ಬೇರು ಆಳಕ್ಕೆ ಹೋಗುತ್ತೆ. ಕೆಳಗಿನ ತೇವ ಹಿಡಿದು ಬದುಕುತ್ತೆ.

ಎರಡು, ಮನೆಗೆ ಬೇಕಾದ್ದೆಲ್ಲ ಒಂದೇ ಹೊಲದಿಂದ ಬರ್ತಿತ್ತು. ಮುದ್ದೆಗೆ ರಾಗಿ, ಸಾರಿಗೆ ಕಾಳು, ಒಗ್ಗರಣೆಗೆ ಸಾಸಿವೆ, ಚಟ್ನಿಗೆ ಹುಚ್ಚೆಳ್ಳು, ದೀಪಕ್ಕೆ ಹರಳೆಣ್ಣೆ. ದನಕ್ಕೆ ಮೇವು.

ಮೂರು, ಕೂಲಿ ಕೇಳದ ಆಳುಗಳಿಗೆ ಅಲ್ಲೇ ಮನೆ, ಅಲ್ಲೇ ಊಟ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರ್ತಿತ್ತು. ಜೋಳದ ಗಿಡದ ಮೇಲೆ ಕಾಜಾಣ ಕೂತು ಹುಳ ನೋಡ್ತಿತ್ತು. ಅವರೆ ಬಳ್ಳಿಯ ನೆರಳಲ್ಲಿ ಜೇಡ, ಗುಲಗಂಜಿ ಹುಳು ವಾಸ ಮಾಡ್ತಿದ್ದವು.

ಹೊಲ ಯಾಕೆ ಬದಲಾಯ್ತು?

ಇದಕ್ಕೆ ಯಾರನ್ನೂ ಬೈದು ಪ್ರಯೋಜನ ಇಲ್ಲ. ಕಾರಣ ತಿಳಿಯೋಣ.

ಮಕ್ಕಳ ಓದಿಗೆ, ಆಸ್ಪತ್ರೆಗೆ, ಮದುವೆಗೆ ಕೈಯಲ್ಲಿ ದುಡ್ಡು ಬೇಕಾಯ್ತು. ಸಾಮೆ, ನವಣೆಗೆ ಪೇಟೆಯಲ್ಲಿ ಬೆಲೆ ಇರಲಿಲ್ಲ. ಎಣ್ಣೆಕಾಳಿಗೆ ಬೆಲೆ ಇತ್ತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಹೆಚ್ಚು ಬೆಳೆಯಲಿ ಅಂತ ದೊಡ್ಡ ಯೋಜನೆ ತಂದಿತು. ಪಕ್ಕದ ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಹೀಗೆ ಸಾವಿರಾರು ಎಕರೆಯಲ್ಲಿ ಶೇಂಗಾ ಒಂದೇ ಬಂತು.

ಆಮೇಲೆ ಮೆಕ್ಕೆಜೋಳ ಬಂತು. ಕೋಳಿ ಆಹಾರಕ್ಕೆ ಅದು ಬೇಕು. ದಾವಣಗೆರೆ ಮಾರುಕಟ್ಟೆ ಹತ್ತಿರ. ಬಿತ್ತೋದು ಸುಲಭ, ಮಾರೋದು ಸುಲಭ. ಚಿತ್ರದುರ್ಗ, ಹೊಳಲ್ಕೆರೆ ಕಡೆ ಈಗ ಎಲ್ಲಿ ನೋಡಿದರೂ ಅದೇ. ಬೋರ್‌ವೆಲ್ ಇದ್ದವರು ಅಡಿಕೆ, ದಾಳಿಂಬೆ ಹಾಕಿದರು.

ಎತ್ತು ಕಡಿಮೆಯಾದವು. ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿನಲ್ಲಿ ಬಿತ್ತುವಾಗ ಅಕ್ಕಡಿ ಬಿಡೋರು ಯಾರು? ಆ ಸಾಲೇ ನಿಂತು ಹೋಯ್ತು.

ಇನ್ನೊಂದು ಮಾತು ನಾವು ಹೆಂಗಸರೇ ಹೇಳಬೇಕು. ಸಾಮೆ ಕುಟ್ಟೋದು ಸುಲಭದ ಕೆಲಸ ಆಗಿರಲಿಲ್ಲ. ಕೋಳಿ ಕೂಗೋ ಹೊತ್ತಿಗೆ ಎದ್ದು ಒನಕೆ ಹಿಡಿಯಬೇಕಿತ್ತು. ರಟ್ಟೆ ಬಿದ್ದು ಹೋಗ್ತಿತ್ತು. ಸೊಸೈಟಿ ಅಕ್ಕಿ ಬಂದಾಗ ನಮ್ಮ ತಾಯಂದಿರು ಒನಕೆ ಮೂಲೆಗಿಟ್ಟು ಉಸಿರು ಬಿಟ್ಟರು. ಅದು ತಪ್ಪಲ್ಲ. ಆದರೆ ಒನಕೆ ಜೊತೆಗೆ ಸಾಮೆ ಬೀಜವೂ ಮೂಲೆ ಸೇರಿತು.

ಸೈನಿಕ ಹುಳ ಬಂದ ಕತೆ

ಒಂದೇ ಬೆಳೆ ಹಾಕಿದರೆ ಹುಳ ಯಾಕೆ ಹೆಚ್ಚುತ್ತೆ? ಹೀಗೆ ಯೋಚಿಸಿ.

ನಮ್ಮೂರ ಜಾತ್ರೆಯಲ್ಲಿ ಒಂದು ಬೀದಿ ತುಂಬಾ ಮಂಡಕ್ಕಿ ಅಂಗಡಿಯೇ ಇದ್ದರೆ ಮಂಡಕ್ಕಿ ಆಸೆಯವರೆಲ್ಲ ಅಲ್ಲೇ ಮುತ್ತುತ್ತಾರೆ. ಹುಳವೂ ಹಾಗೇ. ಒಂದೊಂದು ಹುಳಕ್ಕೆ ಒಂದೊಂದು ಬೆಳೆ ಇಷ್ಟ. ಹೊಲದಲ್ಲಿ ನಾಲ್ಕು ಬೆಳೆ ಇದ್ದರೆ ಅದು ತನ್ನ ಗಿಡ ಹುಡುಕಬೇಕು. ಹುಡುಕುವ ದಾರಿಯಲ್ಲಿ ಜೇಡ ಹಿಡಿಯುತ್ತೆ, ಹಕ್ಕಿ ಹಿಡಿಯುತ್ತೆ. ಎಲ್ಲ ಒಂದೇ ಬೆಳೆ ಆದರೆ? ಹುಡುಕುವ ಕೆಲಸವೇ ಇಲ್ಲ. ಕೂತಲ್ಲೇ ಊಟ, ಕೂತಲ್ಲೇ ಸಂಸಾರ.

2018ರ ಮೇ ತಿಂಗಳಲ್ಲಿ ಹತ್ತಿರದ ಶಿವಮೊಗ್ಗ ಜಿಲ್ಲೆಯಲ್ಲಿ ವಿಜ್ಞಾನಿಗಳು ಮೆಕ್ಕೆಜೋಳದ ಸುಳಿಯಲ್ಲಿ ಒಂದು ಹೊಸ ಹುಳ ಕಂಡರು. ಅದೇ ಸೈನಿಕ ಹುಳ. ಅದರ ತವರು ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ನಮ್ಮ ದೇಶದಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ಈ ಸೀಮೆಯಲ್ಲೇ.

ಇದರ ಒಂದು ಹೆಣ್ಣು ಚಿಟ್ಟೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತೆ. ರಾತ್ರಿ ಬಹಳ ದೂರ ಹಾರುತ್ತೆ. ಅದು ಹಾರಿ ಬಂದಾಗ ಕೆಳಗೆ ಏನು ಕಂಡಿತು? ಮೈಲಿಗಟ್ಟಲೆ ಮೆಕ್ಕೆಜೋಳ. ನಡುವೆ ಒಂದು ಸಾಲು ಅವರೆ ಇಲ್ಲ, ತೊಗರಿ ಇಲ್ಲ. ಹಕ್ಕಿ ಕೂರೋಕೆ ಒಂದು ಮರ ಇಲ್ಲ. ಎರಡು ವರ್ಷದೊಳಗೆ ದೇಶದ ಹೆಚ್ಚಿನ ಭಾಗಕ್ಕೆ ಹರಡಿತು.

ಅವತ್ತು ಎಷ್ಟು ಮನೆಗಳಲ್ಲಿ ಔಷಧಿಗೆ ಸಾಲ ಮಾಡಿದರು ಅನ್ನೋದು ನಮಗೇ ಗೊತ್ತು. ಒಂದು ಸಲ ಹೊಡೆದರು. ಸುಳಿಯೊಳಗೆ ಅಡಗಿದ್ದ ಹುಳ ಸಾಯಲಿಲ್ಲ. ಮತ್ತೆ ಹೊಡೆದರು.

ಔಷಧಿ ಅಲ್ಲ, ವಿಷ

ನಾವು ಅದನ್ನು ಔಷಧಿ ಅಂತೀವಿ. ಔಷಧಿ ಬದುಕಿಸುತ್ತೆ. ಇದು ಕೊಲ್ಲೋಕೆ ಅಂತಲೇ ಮಾಡಿದ್ದು. ಆದ್ದರಿಂದ ವಿಷ ಅನ್ನೋದೇ ಸರಿ.

ಬಹಳಷ್ಟು ವಿಷಗಳಿಗೆ ಒಳ್ಳೆಯವರು, ಕೆಟ್ಟವರು ಅನ್ನೋ ಭೇದ ಇಲ್ಲ. ಬೆಳೆ ತಿನ್ನೋ ಹುಳವೂ ಸಾಯುತ್ತೆ. ಆ ಹುಳವನ್ನು ತಿನ್ನೋ ಹುಳವೂ ಸಾಯುತ್ತೆ.

ಗುಲಗಂಜಿ ಹುಳು ನೋಡಿದ್ದೀರಾ? ಕೆಂಪು ಬೆನ್ನು, ಮೇಲೆ ಕರಿ ಚುಕ್ಕೆ. ಅವರೆ ಚಿಗುರಿಗೆ ಮುತ್ತುವ ಹೇನುಗಳೇ ಅದರ ಊಟ. ಒಂದು ಗುಲಗಂಜಿ ಹುಳು ತನ್ನ ಜೀವಮಾನದಲ್ಲಿ ನೂರಾರು ಹೇನು ತಿನ್ನುತ್ತೆ. ಸಣ್ಣ ಸಣ್ಣ ಕಣಜಗಳೂ ಇವೆ. ಅವು ಕೆಟ್ಟ ಹುಳದ ಮೊಟ್ಟೆಯೊಳಗೇ ತಮ್ಮ ಮೊಟ್ಟೆ ಇಡುತ್ತವೆ. ಆ ಹುಳ ಹುಟ್ಟೋದೇ ಇಲ್ಲ.

ವಿಷ ಹೊಡೆದಾಗ ಇವೆಲ್ಲ ಸಾಯುತ್ತವೆ. ಕೆಟ್ಟ ಹುಳ ಬೇಗ ಮರಿ ಹಾಕಿ ಮತ್ತೆ ಏಳುತ್ತೆ. ಒಳ್ಳೆ ಹುಳ ಏಳೋಕೆ ತಡ. ಅಷ್ಟರಲ್ಲಿ ಹೊಲದಲ್ಲಿ ಕೇಳೋರೇ ಇರೋದಿಲ್ಲ. ಕೊಲ್ಲದೆ ಉಳಿದ ಕೆಟ್ಟ ಹುಳದ ಮರಿಗಳಿಗೆ ಆ ವಿಷ ಅಭ್ಯಾಸವಾಗುತ್ತೆ. ಮುಂದಿನ ಸಲ ಇನ್ನೂ ಜಾಸ್ತಿ ಹೊಡೆಯಬೇಕು.

ದಾಳಿಂಬೆ, ಸೂರ್ಯಕಾಂತಿ ಹೂ ಬಿಟ್ಟ ಹೊತ್ತಲ್ಲಿ ಬೆಳಿಗ್ಗೆ ವಿಷ ಹೊಡೆದರೆ ಜೇನು ಸಾಯುತ್ತೆ. ಸೂರ್ಯಕಾಂತಿ ತೆನೆ ದೊಡ್ಡದಾಗಿ ಕಂಡರೂ ಒಳಗೆ ಜೊಳ್ಳು. ಜೇನು ಬಾರದಿದ್ದರೆ ಕಾಳು ಕಟ್ಟೋದು ಹೇಗೆ?

ಇಂಥ ತಪ್ಪು ಬೇರೆ ದೇಶದಲ್ಲೂ ಆಗಿದೆ. 1958ರಲ್ಲಿ ಚೀನಾ ದೇಶದ ಸರ್ಕಾರ ಗುಬ್ಬಿಗಳು ಕಾಳು ತಿಂತವೆ ಅಂತ ಅವನ್ನು ಕೊಲ್ಲಿಸಿತು. ಜನ ತಟ್ಟೆ ತಮಟೆ ಬಡಿದು ಗುಬ್ಬಿ ಕೂರದ ಹಾಗೆ ಓಡಿಸಿದರು. ಹಾರಿ ಹಾರಿ ಸೋತು ಗುಬ್ಬಿಗಳು ಬಿದ್ದು ಸತ್ತವು. ಆಮೇಲೆ ಏನಾಯ್ತು? ಗುಬ್ಬಿ ತಿಂತಿದ್ದ ಹುಳ, ಮಿಡತೆ ಹೆಚ್ಚಾದವು. ಬೆಳೆ ತಿಂದವು. 1960ರಲ್ಲಿ ಸರ್ಕಾರವೇ ಗುಬ್ಬಿ ಕೊಲ್ಲೋದು ನಿಲ್ಲಿಸಿತು. ಗುಬ್ಬಿ ತಿಂದ ಕಾಳು ಎಲ್ಲರ ಕಣ್ಣಿಗೆ ಬಿತ್ತು. ಅದು ತಿಂದ ಹುಳ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಡಬ್ಬಿ ಮೇಲಿನ ಬಣ್ಣ ಓದಿ

ವಿಷದ ಕೆಲಸದಲ್ಲಿ ಹೆಂಗಸರೂ ಇದ್ದೀವಿ. ನೀರು ಹೊತ್ತು ಕೊಡೋರು ನಾವು. ಕೆಲವು ಕಡೆ ಬರಿಗೈಯಲ್ಲಿ ಕಲೆಸೋರೂ ನಾವೇ. ಹೊಡೆದು ಬಂದವರ ಬಟ್ಟೆ ಒಗೆಯೋರು ನಾವು. ಮಾರನೇ ದಿನ ಅದೇ ಹೊಲಕ್ಕೆ ಕಳೆ ತೆಗೆಯೋಕೆ ಹೋಗೋರೂ ನಾವೇ.

ಈಗ ನಮಗೆ ಓದು ಬಂದಿದೆ. ಡಬ್ಬಿ ಮೇಲಿನದು ಓದೋಣ. ಅದರ ಮೇಲೆ ಓರೆಯಾಗಿ ನಿಂತ ಒಂದು ಚೌಕದ ಗುರುತು ಇರುತ್ತೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಹಾಕಿರ್ತಾರೆ.

ಕೆಂಪು ಅಂದ್ರೆ ಎಲ್ಲಕ್ಕಿಂತ ಘೋರ ವಿಷ. ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಇದ್ದರೂ ಅದು ವಿಷವೇ. ಕುಡಿದರೆ, ಕಣ್ಣಿಗೆ ಬಿದ್ದರೆ ಅಪಾಯ.

ಬರಿಗೈಯಲ್ಲಿ ಮುಟ್ಟಬೇಡಿ. ಎಲೆ ಅಡಿಕೆ ಹಾಕ್ಕೊಂಡು ಆ ಕೆಲಸ ಮಾಡಬೇಡಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ನೆನೆಸಬೇಡಿ. ಖಾಲಿ ಡಬ್ಬಿಯಲ್ಲಿ ಉಪ್ಪು, ಎಣ್ಣೆ, ನೀರು ಇಡಬೇಡಿ. ತಲೆ ಸುತ್ತಿ ವಾಂತಿ ಬಂದರೆ ತಡ ಮಾಡಬೇಡಿ. ಆ ಡಬ್ಬಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಯಾವ ವಿಷ ಅಂತ ಡಾಕ್ಟರಿಗೆ ತಿಳಿಯಬೇಕು.

ಬೆರಕೆ ಸೊಪ್ಪು ಎಲ್ಲಿ ಹೋಯ್ತು?

ಕಳೆ ಅಂತ ನಾವು ಕೀಳೋದೆಲ್ಲ ಕಳೆಯಲ್ಲ. ಅದರಲ್ಲಿ ನಮ್ಮ ಸಾರು ಇದೆ.

ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ ಸೊಪ್ಪು. ಇವನ್ನು ಯಾರೂ ಬಿತ್ತೋದಿಲ್ಲ. ಮಳೆ ಬಿದ್ದ ಮೇಲೆ ಹೊಲದಲ್ಲಿ, ಬದುವಿನಲ್ಲಿ ತಾವಾಗೇ ಏಳುತ್ತವೆ. ಕಳೆ ತೆಗೆದು ಬರುವಾಗ ಸೆರಗಿನಲ್ಲಿ ಒಂದು ಹಿಡಿ ಕಟ್ಟಿಕೊಂಡು ಬಂದರೆ ಸಂಜೆಗೆ ಬಸ್ಸಾರು ಆಯ್ತು. ಕೈಯಲ್ಲಿ ಕಾಸಿಲ್ಲದ ದಿನವೂ ಮಕ್ಕಳ ಮುದ್ದೆಗೆ ಸಾರು ಇರ್ತಿತ್ತು. ಬಸುರಿಗೆ, ಬಾಣಂತಿಗೆ ರಕ್ತ ಹೆಚ್ಚೋಕೆ ಸೊಪ್ಪು ತಿನ್ನಿ ಅಂತ ಅಂಗನವಾಡಿಯಲ್ಲಿ ಹೇಳ್ತಾರಲ್ಲ, ಆ ಸೊಪ್ಪು ಇದೇ.

ಈಗ ಕಳೆನಾಶಕ ಬಂದಿದೆ. ಬಿತ್ತಿದ ಕೂಡಲೇ ಹೊಡೀತಾರೆ. ಸೊಪ್ಪು ಮೇಲೇಳೋದೇ ಇಲ್ಲ. ಮೆಕ್ಕೆಜೋಳಕ್ಕೆ ಹೊಡೆಯೋ ಕೆಲವು ಕಳೆನಾಶಕ ಅವರೆ, ಅಲಸಂದೆಯನ್ನೂ ಏಳೋಕೆ ಬಿಡೋದಿಲ್ಲ. ಅದನ್ನು ಹೊಡೆದ ಹೊಲದಲ್ಲಿ ಅಕ್ಕಡಿ ಹಾಕೋ ಮಾತೇ ಇಲ್ಲ.

ಕಳೆನಾಶಕದಿಂದ ನಮ್ಮ ಬೆನ್ನಿಗೆ ಬಿಡುವು ಸಿಕ್ಕಿದೆ, ನಿಜ. ಬಗ್ಗಿ ಬಗ್ಗಿ ಕಳೆ ತೆಗೆದವರಿಗೇ ಆ ನೋವು ಗೊತ್ತು. ಆದರೆ ಕಳೆ ತೆಗೆಯೋ ಕೂಲಿ ಹೋಯ್ತು. ಬಿಟ್ಟಿ ಸೊಪ್ಪು ಹೋಯ್ತು. ಸಂತೆಯಲ್ಲಿ ಕಟ್ಟಿಗೆ ಇಷ್ಟು ಅಂತ ಕೊಟ್ಟು ಸೊಪ್ಪು ತರ್ತಾ ಇದ್ದೀವಿ. ಭೂಮಿ ಇಲ್ಲದ ಮನೆಯವರಿಗೆ ಈ ನಷ್ಟ ಇನ್ನೂ ದೊಡ್ಡದು. ಅವರಿಗೂ ಆ ಬದುವಿನ ಸೊಪ್ಪು ಸಿಗ್ತಿತ್ತು.

ಮಣ್ಣಿನೊಳಗಿನ ಸಂಸಾರ

ಒಂದು ಚಮಚ ಒಳ್ಳೆ ಮಣ್ಣಿನಲ್ಲಿ ಕೋಟಿಗಟ್ಟಲೆ ಜೀವಗಳಿರುತ್ತವೆ. ಕಣ್ಣಿಗೆ ಕಾಣೋದಿಲ್ಲ, ಅಷ್ಟು ಸಣ್ಣವು. ಕಸ ಕಡ್ಡಿ ಕೊಳೆಸಿ ಗಿಡಕ್ಕೆ ಊಟ ಮಾಡಿಕೊಡೋರು ಅವರೇ.

ಒಂದು ಪರೀಕ್ಷೆ ಮಾಡಿ ನೋಡಿ. ಅಲಸಂದೆಯ ಒಂದು ಗಿಡವನ್ನು ಬೇರು ಸಮೇತ ಮೆಲ್ಲಗೆ ಕೀಳಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತವೆ. ಒಂದು ಗಂಟನ್ನು ಉಗುರಿನಲ್ಲಿ ಚಿವುಟಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಅಲ್ಲಿ ಕೆಲಸ ನಡೀತಾ ಇದೆ ಅಂತ ಅರ್ಥ. ಆ ಗಂಟಿನೊಳಗಿನ ಜೀವಿಗಳು ಗಾಳಿಯಲ್ಲಿರೋ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಯೂರಿಯಾ ಚೀಲದಲ್ಲಿ ಇರೋದೂ ಸಾರಜನಕವೇ. ಒಂದಕ್ಕೆ ದುಡ್ಡು ಕೊಡ್ತೀವಿ. ಇನ್ನೊಂದು ಬಿಟ್ಟಿ.

ಕಾಳಿನ ಸಾಲು ಹೋದ ಮೇಲೆ ಈ ಬಿಟ್ಟಿ ಗೊಬ್ಬರವೂ ಹೋಯ್ತು. ದನ ಕಡಿಮೆಯಾಗಿ ತಿಪ್ಪೆ ಸಣ್ಣದಾಯ್ತು. ಕೂಳೆಗೆ ಬೆಂಕಿ ಹಚ್ಚಿದರೆ ಎರೆಹುಳದ ಊಟವೇ ಬೂದಿ.

ನಮ್ಮ ಕಡೆ ಒಂದು ಒಳ್ಳೆ ಪದ್ಧತಿ ಇದೆ. ಬೇಸಿಗೆಯಲ್ಲಿ ಕುರಿ ಮಂದೆಯನ್ನು ಹೊಲದಲ್ಲಿ ನಿಲ್ಲಿಸ್ತಾರೆ. ರಾತ್ರಿ ಪೂರ್ತಿ ಬಿದ್ದ ಹಿಕ್ಕೆ, ಗಂಜಲ ಮಣ್ಣಿಗೆ ಸೇರುತ್ತೆ. ಕುರಿಯವರಿಗೂ ನಾಲ್ಕು ಕಾಸು, ಕಾಳು. ಇದು ಉಳಿಯಬೇಕು.

ಬದು ಅಂದ್ರೆ ಬೀಳು ಅಲ್ಲ

ಬದುವಿನಲ್ಲಿ ಬೇವು, ಹೊಂಗೆ, ತಂಗಡಿ, ಲಕ್ಕಿ ಗಿಡ ಇರ್ತಿದ್ದವು. ಗೂಬೆ, ಕಾಜಾಣ, ನೀಲಕಂಠ ಅಲ್ಲಿ ಕೂರ್ತಿದ್ದವು. ನೀಲಕಂಠ ನಮ್ಮ ರಾಜ್ಯದ ಹಕ್ಕಿ. ಮಿಡತೆ, ಹುಳ ಅದರ ಊಟ. ಬದುವಿನ ಹುಲ್ಲಿನ ಬುಡದಲ್ಲಿ ಕೌಜುಗ ಮೊಟ್ಟೆ ಇಡ್ತಿತ್ತು.

ಎರಡು ಸಾಲು ಜಾಸ್ತಿ ಬರಲಿ ಅಂತ ಬದು ಕಿರಿದು ಮಾಡಿದೆವು. ನೆರಳು ಬೀಳುತ್ತೆ ಅಂತ ಮರ ಕಡಿದೆವು. ಉಳಿದ ಹುಲ್ಲಿಗೆ ಬೆಂಕಿ ಇಟ್ಟೆವು. ಕೂಲಿ ಕೇಳದ ಆಳುಗಳ ಮನೆಗೇ ಬೆಂಕಿ ಇಟ್ಟ ಹಾಗಾಯ್ತು. ಮಳೆ ನೀರು ತಡೆಯೋರಿಲ್ಲದೆ ಮೇಲ್ಮಣ್ಣು ಹಳ್ಳಕ್ಕೆ ಹೋಯ್ತು.

ಹಾಗಾದರೆ ಏನು ಮಾಡೋಣ?

ಎಲ್ಲ ಬಿಟ್ಟು ಅಜ್ಜಿ ಕಾಲಕ್ಕೆ ಹೋಗಿ ಅಂತ ನಾವು ಹೇಳ್ತಿಲ್ಲ. ದುಡ್ಡಿನ ಬೆಳೆಯೂ ಬೇಕು. ಅಕ್ಕಡಿ ಅಂದ್ರೆ ಕೆಲಸ ಜಾಸ್ತಿ ಅನ್ನೋದೂ ನಿಜ. ಒಂದೊಂದು ಕಾಳು ಒಂದೊಂದು ಸಲ ಬಿಡಿಸಬೇಕು. ಆ ಕೆಲಸ ಹೆಂಗಸರ ಮೇಲೇ ಬೀಳುತ್ತೆ. ಅದಕ್ಕೇ ಮನೆಯಲ್ಲಿ ಕೂತು ಮಾತಾಡಬೇಕು. ಕೆಲಸ ಹಂಚಿಕೊಂಡರೆ ಮಾತ್ರ ಅಕ್ಕಡಿ ಉಳಿಯುತ್ತೆ. ಸಾಮೆ, ನವಣೆಯ ಸಿಪ್ಪೆ ತೆಗೆಯೋ ಸಣ್ಣ ಯಂತ್ರಗಳು ಈಗ ಬಂದಿವೆ. ಒನಕೆ ಹಿಡಿಯಬೇಕಿಲ್ಲ. ವಿಶ್ವಸಂಸ್ಥೆ 2023ನೇ ಇಸವಿಯನ್ನು ಸಿರಿಧಾನ್ಯಗಳ ವರ್ಷ ಅಂತ ಸಾರಿತ್ತು. ನಮ್ಮ ಸಾಮೆ, ನವಣೆಯನ್ನು ಪೇಟೆಯವರು ಈಗ ಕೇಳಿಕೊಂಡು ಬರ್ತಾರೆ.

ಸಣ್ಣದಾಗಿ ಶುರು ಮಾಡೋಣ.

ರಾಗಿ ಹೊಲದಲ್ಲಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಬಿತ್ತಿ. ಅಲ್ಲಲ್ಲಿ ಹುಚ್ಚೆಳ್ಳು ಬಿಡಿ. ಜೇನು ತಾನಾಗೇ ಬರುತ್ತೆ.

ಮೆಕ್ಕೆಜೋಳದ ನಡುವೆ ತೊಗರಿ, ಅಲಸಂದೆ ಅಥವಾ ಹೆಸರು ಹಾಕಿ. ಪೈರು ಚಿಕ್ಕದಿದ್ದಾಗ ಎಕರೆಗೆ ಹತ್ತು ಕಡೆ ಕವಲು ಕೋಲು ನೆಡಿ. ಹಕ್ಕಿ ಕೂತು ಹುಳ ತಿನ್ನುತ್ತೆ. ಮೊಟ್ಟೆಯ ಗುಂಪು ಕಂಡರೆ ಎಲೆ ಸಮೇತ ಹೊಸಕಿ. ಸುಳಿಗೆ ಮರಳು, ಸುಣ್ಣ ಸೇರಿಸಿ ಹಾಕೋದೂ ಉಂಟು. ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ.

ಶೇಂಗಾ ಹೊಲಕ್ಕೆ ಕಂಬಳಿ ಹುಳದ ಕಾಟ ನಮಗೆ ಗೊತ್ತಿದ್ದದ್ದೇ. ಅದು ಕೋಶ ಕಟ್ಟಿ ಮಣ್ಣಿನಲ್ಲಿ ಮಲಗಿರುತ್ತೆ. ಮಾಗಿ ಉಳುಮೆ ಮಾಡಿದರೆ ಕೋಶ ಮೇಲೆ ಬೀಳುತ್ತೆ. ಬೆಳ್ಳಕ್ಕಿ, ಗೊರವಂಕ ಹೆಕ್ಕುತ್ತವೆ. ಮೊದಲ ಮಳೆ ಆದ ಮೇಲೆ ಚಿಟ್ಟೆ ಏಳುತ್ತೆ. ಸಂಜೆ ಬದುವಿನಾಚೆ ಬೆಂಕಿ ಹಾಕಿದರೆ ಬೆಳಕಿಗೆ ಬಂದು ಬೀಳುತ್ತೆ. ಹೊಲದ ಸುತ್ತ ಹರಳು, ಅಲಸಂದೆ ಇದ್ದರೆ ಮೊಟ್ಟೆಯನ್ನು ಅದರ ಮೇಲೇ ಇಡುತ್ತೆ. ಮರಿಗಳು ಗುಂಪಾಗಿ ಇರುವಾಗಲೇ ಆ ಎಲೆ ಕಿತ್ತು ನಾಶ ಮಾಡಿ. ಒಬ್ಬರ ಹೊಲದಲ್ಲಿ ಮಾಡಿದರೆ ಸಾಲದು. ಊರಿನವರೆಲ್ಲ ಒಟ್ಟಿಗೆ ಮಾಡಬೇಕು.

ವಿಷ ಹೊಡೆಯಲೇಬೇಕು ಅನ್ನೋ ಹೊತ್ತು ಬಂದರೆ ಮೊದಲು ಕೇಳಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿ ಕೇಳಿ. ಅಂಗಡಿಯವರ ಮಾತೊಂದನ್ನೇ ನಂಬಬೇಡಿ. ಹೂ ಬಿಟ್ಟ ಬೆಳೆಗೆ ಬೆಳಗಿನ ಹೊತ್ತು ಹೊಡೆಯಬೇಡಿ. ಆಗ ಜೇನು ಬಂದಿರುತ್ತೆ.

ಬದುವಿನಲ್ಲಿ ಒಂದು ಬೇವು, ಒಂದು ಹೊಂಗೆ ಬಿಡಿ. ಒಂದು ಮೂಲೆಗೆ ಕಳೆನಾಶಕ ತಾಗಿಸಬೇಡಿ. ಅದು ಸೊಪ್ಪಿನ ಮೂಲೆ ಆಗಲಿ.

ಬೀಜ ನಮ್ಮ ಕೈಲಿ ಇರಲಿ

ಒಳ್ಳೆ ತೆನೆ ಆರಿಸಿ, ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಮಡಕೆಯಲ್ಲಿ ಇಡೋದು ಹೆಂಗಸರ ವಿದ್ಯೆ. ಯಾವ ಅವರೆ ಬೇಗ ಬರುತ್ತೆ, ಯಾವ ರಾಗಿ ಬರ ತಡೆಯುತ್ತೆ, ಇದೆಲ್ಲ ನಮ್ಮ ಅಜ್ಜಿಯರ ಬಾಯಲ್ಲಿ ಇತ್ತು. ಬರೆದಿಟ್ಟವರಿಲ್ಲ. ಅಜ್ಜಿ ಹೋದಳು, ಆ ತಿಳಿವಳಿಕೆಯೂ ಹೋಯ್ತು.

ಈಗ ನಾವು ಬರೆಯಬಲ್ಲೆವು. 2001ರ ಒಂದು ಕಾನೂನು ಇದೆ. ರೈತರು ತಾವು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಬೇರೆಯವರಿಗೆ ಕೊಡಬಹುದು, ಮಾರಲೂಬಹುದು ಅಂತ ಅದು ಹೇಳುತ್ತೆ. ಕಂಪನಿ ಬೀಜದ ಹಾಗೆ ಹೆಸರು ಹಾಕಿ, ಪ್ಯಾಕೆಟ್ ಕಟ್ಟಿ ಮಾರೋ ಹಾಗಿಲ್ಲ, ಅಷ್ಟೇ.

2002ರ ಇನ್ನೊಂದು ಕಾನೂನು ಜೀವವೈವಿಧ್ಯದ್ದು. ಅದರ ಪ್ರಕಾರ ಗ್ರಾಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಬೀಜ, ಸೊಪ್ಪು, ಮರ, ಹಕ್ಕಿ, ದನಗಳ ತಳಿ, ಮದ್ದಿನ ಗಿಡ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅದಕ್ಕೆ ಜನತಾ ಜೀವವೈವಿಧ್ಯ ದಾಖಲಾತಿ ಅಂತ ಹೆಸರು.

ನಮ್ಮ ಪಂಚಾಯ್ತಿಯಲ್ಲಿ ಆ ಪುಸ್ತಕ ಇದೆಯಾ? ಗ್ರಾಮಸಭೆಯಲ್ಲಿ ಎದ್ದು ಕೇಳೋಣ. ಇದ್ದರೆ ತೆಗೆಸಿ ಓದೋಣ. ಅದರಲ್ಲಿ ಅಣ್ಣೆ ಸೊಪ್ಪಿನ ಹೆಸರು ಇದೆಯಾ ನೋಡೋಣ. ನಮ್ಮ ಅಜ್ಜಿಯ ಅವರೆ ಇದೆಯಾ ನೋಡೋಣ. ಇಲ್ಲದಿದ್ದರೆ ಬರೆಸೋಣ. ಗಂಡಸರಿಗೆ ಮರದ ಹೆಸರು ಗೊತ್ತಿರಬಹುದು. ಸೊಪ್ಪಿನ ಹೆಸರು, ಬೀಜದ ಗುಣ ಹೇಳೋಕೆ ನಾವೇ ಬೇಕು.

ಈ ಸಲ ಮುಂಗಾರು ಬಿತ್ತನೆಗೆ ಮುಂಚೆ ಒಂದು ಸಂಜೆ ಸಂಘದವರೆಲ್ಲ ಸೇರಿ. ಮನೆಯಲ್ಲಿ ಇರೋ ಬೀಜ ಒಂದೊಂದು ಹಿಡಿ ತನ್ನಿ. ಇಲ್ಲದವರಿಗೆ ಇದ್ದವರು ಕೊಡಿ. ಯಾರು ಯಾರಿಗೆ ಏನು ಕೊಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊಯ್ಲು ಆದ ಮೇಲೆ ಒಂದು ಹಿಡಿಗೆ ಎರಡು ಹಿಡಿ ವಾಪಸು.

ಅಕ್ಕಡಿ ಸಾಲು ಮತ್ತೆ ಎದ್ದರೆ, ಬಿಟ್ಟು ಹೋದ ಆಳುಗಳೂ ಒಬ್ಬೊಬ್ಬರಾಗಿ ಕೆಲಸಕ್ಕೆ ಬರ್ತಾರೆ.

ಕೂತು ಮಾತಾಡೋಣ

1. ನಿಮ್ಮ ಅಜ್ಜಿ ಒಂದೇ ಹೊಲದಲ್ಲಿ ಎಷ್ಟು ಬಗೆ ಬೆಳೆ ಹಾಕ್ತಿದ್ದರು? ಈಗ ನೀವು ಎಷ್ಟು ಹಾಕ್ತೀರಿ?

2. ನಿಮಗೆ ಗೊತ್ತಿರೋ ಬೆರಕೆ ಸೊಪ್ಪಿನ ಹೆಸರುಗಳನ್ನು ಬರೆಯಿರಿ. ಅದರಲ್ಲಿ ಈಗ ಸಿಗದೇ ಇರೋದು ಯಾವುದು?

3. ಹೋದ ವರ್ಷ ನಿಮ್ಮ ಮನೆಯಲ್ಲಿ ವಿಷಕ್ಕೆ, ಕಳೆನಾಶಕಕ್ಕೆ, ಗೊಬ್ಬರಕ್ಕೆ ಎಷ್ಟು ಖರ್ಚಾಯ್ತು? ಮನೆಯವರನ್ನು ಕೇಳಿ ಕೂಡಿಸಿ ಬರೆಯಿರಿ.

4. ನಾಳೆ ಬೆಳಿಗ್ಗೆ ಹೊಲದ ಒಂದು ಮೂಲೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿ. ಯಾವ ಯಾವ ಆಳುಗಳು ಕೆಲಸಕ್ಕೆ ಬಂದಿದ್ದರು? ಅವರ ಹಾಜರಿ ಹಾಕಿ.